ಸೌರ ಇಂಧನ

ಸೌರ ಇಂಧನ ಎಂದರೆ ಸೂರ್ಯನ ಬೆಳಕು ಅಥವಾ ಶಾಖದ ಬಲದಿಂದ ನೀರು, ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್‌ಗಳಂಥ ಸರಳ ಪದಾರ್ಥಗಳನ್ನು ಮಾರ್ಪಡಿಸಿ ತಯಾರಿಸುವ, ಕೂಡಿಟ್ಟು ಬೇಕಾದಾಗ ಬಳಸಬಹುದಾದ ರಾಸಾಯನಿಕ ಇಂಧನ. ಹೈಡ್ರೋಜನ್, ಮೀಥೇನ್, ಮೆಥನಾಲ್, ಅಮೋನಿಯಾ, ಕೃತಕ ಪೆಟ್ರೋಲ್, ಡೀಸೆಲ್ ಮತ್ತು ವಿಮಾನ ಇಂಧನಗಳು ಈ ಗುಂಪಿಗೆ ಸೇರುತ್ತವೆ. ಸೌರಫಲಕ ಕೊಡುವ ವಿದ್ಯುತ್ತನ್ನು ಆ ಗಳಿಗೆಯಲ್ಲೇ ಬಳಸಬೇಕು, ಇಲ್ಲವೇ ಬ್ಯಾಟರಿಯಲ್ಲಿ ಇಡಬೇಕು. ಸೌರ ಇಂಧನದಲ್ಲಿ ಅದೇ ಶಕ್ತಿ ಅಣುಗಳ ಬಂಧಗಳಲ್ಲಿ ಸೇರಿಕೊಂಡು ತಿಂಗಳುಗಟ್ಟಲೆ ಉಳಿಯುತ್ತದೆ. ಟ್ಯಾಂಕರಿನಲ್ಲಿ, ಕೊಳವೆಯಲ್ಲಿ, ಹಡಗಿನಲ್ಲಿ ಸಾಗುತ್ತದೆ.

ಈ ತಂತ್ರಜ್ಞಾನಕ್ಕೆ ನಾಲ್ಕು ಅಗತ್ಯಗಳಿವೆ: ಬಿಸಿಲು, ನೀರು, ಇಂಗಾಲ ಅಥವಾ ನೈಟ್ರೋಜನ್ ಮೂಲ, ತಯಾರಾದುದನ್ನು ಬಳಸುವ ಉದ್ಯಮ. ಕರ್ನಾಟಕದಲ್ಲಿ ಇದರ ಪ್ರಯೋಗಾಲಯ ಸಂಶೋಧನೆ ಬೆಂಗಳೂರಿನಲ್ಲಿ ಬೆಳೆದಿದೆ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ರಾಯಚೂರು ಜಿಲ್ಲೆಯಲ್ಲಿ, ವಿಶೇಷವಾಗಿ ರಾಯಚೂರು, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳಲ್ಲಿ, ಇದಕ್ಕೆ ಬೇಕಾದ ಕಚ್ಚಾವಸ್ತುಗಳೂ ಇದರ ಮುಖ್ಯ ಅಡಚಣೆಗಳೂ ಒಟ್ಟಿಗೆ ಕಾಣಸಿಗುತ್ತವೆ.

ಪದಬಳಕೆ

ವಿದ್ಯುದ್ವಿಭಜನೆ: ವಿದ್ಯುತ್ ಹರಿಸಿ ನೀರನ್ನು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಬೇರ್ಪಡಿಸುವ ಕ್ರಿಯೆ. ಇದನ್ನು ನಡೆಸುವ ಯಂತ್ರ ಎಲೆಕ್ಟ್ರೊಲೈಸರ್.

ಕೃತಕ ದ್ಯುತಿಸಂಶ್ಲೇಷಣೆ: ಹಸಿರೆಲೆ ಮಾಡುವ ಕೆಲಸವನ್ನು, ಅಂದರೆ ಬೆಳಕಿನಿಂದ ನೀರನ್ನು ಒಡೆದು ಇಂಗಾಲದ ಸಂಯುಕ್ತಗಳನ್ನು ಕಟ್ಟುವ ಕೆಲಸವನ್ನು, ಮನುಷ್ಯ ನಿರ್ಮಿತ ವಸ್ತುಗಳಿಂದ ಮಾಡಿಸುವುದು.

ದ್ಯುತಿ ಕ್ರಿಯಾವರ್ಧಕ: ಬೆಳಕನ್ನು ಹೀರಿ, ತಾನು ಖರ್ಚಾಗದೆ, ರಾಸಾಯನಿಕ ಕ್ರಿಯೆಯನ್ನು ನಡೆಸುವ ವಸ್ತು.

ಸಂಶ್ಲೇಷಣ ಅನಿಲ: ಹೈಡ್ರೋಜನ್ ಮತ್ತು ಕಾರ್ಬನ್ ಮೊನಾಕ್ಸೈಡ್‌ಗಳ ಮಿಶ್ರಣ. ಇದರಿಂದ ಮೆಥನಾಲ್ ಮತ್ತು ದ್ರವ ಇಂಧನಗಳನ್ನು ತಯಾರಿಸುತ್ತಾರೆ.

ಸೌರ-ಹೈಡ್ರೋಜನ್ ದಕ್ಷತೆ: ಸಾಧನದ ಮೇಲೆ ಬಿದ್ದ ಬಿಸಿಲಿನ ಶಕ್ತಿಯಲ್ಲಿ ಶೇಕಡಾ ಎಷ್ಟು ಭಾಗ ಹೈಡ್ರೋಜನ್ನಿನಲ್ಲಿ ಉಳಿಯಿತು ಎಂಬ ಅಳತೆ.

ಹಸಿರು ಹೈಡ್ರೋಜನ್: ನವೀಕರಿಸಬಹುದಾದ ಶಕ್ತಿಯಿಂದ ಅಥವಾ ಜೀವರಾಶಿಯಿಂದ ತಯಾರಾದ ಹೈಡ್ರೋಜನ್. 2023ರ ಆಗಸ್ಟ್‌ನಲ್ಲಿ ಭಾರತ ಸರ್ಕಾರ ನಿಗದಿಪಡಿಸಿದ ಮಾನದಂಡದ ಪ್ರಕಾರ ಒಂದು ಕಿಲೋಗ್ರಾಂ ಹೈಡ್ರೋಜನ್ ತಯಾರಿಕೆಯಲ್ಲಿ ಹೊರಬೀಳುವ ಹಸಿರುಮನೆ ಅನಿಲ 2 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್‌ಗೆ ಸಮನಾದ ಪ್ರಮಾಣವನ್ನು ಮೀರಬಾರದು.

ಉಗಮ ಮತ್ತು ಬೆಳವಣಿಗೆ

ಸೌದೆ, ಬೆರಣಿ, ಎಣ್ಣೆ, ಕಲ್ಲಿದ್ದಲು, ಪೆಟ್ರೋಲಿಯಂ ಎಲ್ಲದರಲ್ಲೂ ಇರುವುದು ದ್ಯುತಿಸಂಶ್ಲೇಷಣೆಯಿಂದ ಸೆರೆಯಾದ ಬಿಸಿಲಿನ ಶಕ್ತಿಯೇ. ಗಿಡದ ನೆರವಿಲ್ಲದೆ ಬಿಸಿಲನ್ನು ಇಂಧನವಾಗಿಸುವ ಯೋಚನೆ ಮಾತ್ರ ಈಚಿನದು. ಅದಕ್ಕೆ ಬೇಕಾದ ಎರಡು ಶೋಧಗಳು 19ನೆಯ ಶತಮಾನದಲ್ಲಿ ಬೇರೆ ಬೇರೆಯಾಗಿ ನಡೆದವು. 1800ರಲ್ಲಿ ಇಂಗ್ಲೆಂಡಿನ ವಿಲಿಯಂ ನಿಕಲ್ಸನ್ ಮತ್ತು ಆಂಟನಿ ಕಾರ್ಲೈಲ್ ವಿದ್ಯುತ್ತಿನಿಂದ ನೀರನ್ನು ಒಡೆದರು. 1839ರಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕರೆಲ್ ದ್ರಾವಣದಲ್ಲಿ ಮುಳುಗಿಸಿದ ಲೋಹದ ತಗಡುಗಳ ಮೇಲೆ ಬೆಳಕು ಬಿದ್ದಾಗ ವಿದ್ಯುತ್ ಹುಟ್ಟುವುದನ್ನು ಕಂಡರು.

1912ರಲ್ಲಿ ಇಟಲಿಯ ಬೊಲೋನ್ಯ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಜಾಕೊಮೊ ಚಾಮಿಚಾನ್ ನ್ಯೂಯಾರ್ಕಿನಲ್ಲಿ ಮಾಡಿದ ಉಪನ್ಯಾಸದಲ್ಲಿ, ಕಲ್ಲಿದ್ದಲು ಮುಗಿಯುವ ಮೊದಲೇ ಮನುಷ್ಯ ಗಿಡಗಳ ರಹಸ್ಯವನ್ನು ಕಲಿತು ಬರಡು, ಬಿಸಿಲು ನೆಲಗಳಲ್ಲಿ ದ್ಯುತಿರಾಸಾಯನಿಕ ಉದ್ಯಮಗಳನ್ನು ಕಟ್ಟಬೇಕೆಂದು ಪ್ರತಿಪಾದಿಸಿದರು. ಸೌರ ಇಂಧನದ ಆಧುನಿಕ ಕಲ್ಪನೆ ಸ್ಪಷ್ಟವಾಗಿ ಮೂಡಿದ್ದು ಇಲ್ಲಿ. ಅದೇ ಕಾಲದಲ್ಲಿ ಹೈಡ್ರೋಜನ್ನನ್ನು ಬೇರೆ ಪದಾರ್ಥಗಳಾಗಿ ಮಾರ್ಪಡಿಸುವ ವಿಧಾನಗಳೂ ಬಂದವು. ಫ್ರಾನ್ಸಿನ ಪಾಲ್ ಸಬಾಟಿಯೆ ಕಾರ್ಬನ್ ಡೈಆಕ್ಸೈಡನ್ನು ಮೀಥೇನ್ ಆಗಿಸುವ ಕ್ರಿಯೆಯನ್ನು ಕಂಡುಹಿಡಿದರು. ನೈಟ್ರೋಜನ್ ಮತ್ತು ಹೈಡ್ರೋಜನ್‌ಗಳಿಂದ ಅಮೋನಿಯಾ ತಯಾರಿಸುವ ಹೇಬರ್-ಬಾಶ್ ವಿಧಾನದ ಕಾರ್ಖಾನೆ 1913ರಲ್ಲಿ ಜರ್ಮನಿಯ ಒಪ್ಪಾವಿನಲ್ಲಿ ಆರಂಭವಾಯಿತು. ಸಂಶ್ಲೇಷಣ ಅನಿಲವನ್ನು ದ್ರವ ಇಂಧನವಾಗಿಸುವ ಫಿಷರ್-ಟ್ರಾಪ್ಶ್ ವಿಧಾನ 1920ರ ದಶಕದ್ದು.

1972ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ ಟೈಟಾನಿಯಂ ಡೈಆಕ್ಸೈಡ್ ವಿದ್ಯುದಗ್ರದ ಮೇಲೆ ಬೆಳಕು ಬೀಳಿಸಿ ನೀರನ್ನು ಒಡೆದ ವರದಿ ಪ್ರಕಟಿಸಿದರು. ಮರುವರ್ಷ ತಲೆದೋರಿದ ತೈಲ ಬಿಕ್ಕಟ್ಟು ಈ ಸಂಶೋಧನೆಗೆ ಜಗತ್ತಿನಾದ್ಯಂತ ಚಾಲನೆ ಕೊಟ್ಟಿತು. ಆದರೆ ಟೈಟಾನಿಯಂ ಡೈಆಕ್ಸೈಡ್ ಹೀರುವುದು ಬಿಸಿಲಿನ ಅಲ್ಪಭಾಗವಾದ ಅತಿನೇರಳೆ ಕಿರಣಗಳನ್ನು ಮಾತ್ರ. ಕಣ್ಣಿಗೆ ಕಾಣುವ ಬೆಳಕಿನಿಂದಲೇ ನೀರನ್ನು ಒಡೆಯುವ ವಸ್ತುಗಳ ಹುಡುಕಾಟ ಆಗ ಶುರುವಾಯಿತು.

1985ರಲ್ಲಿ ಜಪಾನಿನ ಯೋಶಿಯೊ ಹೋರಿ ಮತ್ತು ಸಂಗಡಿಗರು ತಾಮ್ರದ ವಿದ್ಯುದಗ್ರವು ಕಾರ್ಬನ್ ಡೈಆಕ್ಸೈಡನ್ನು ಹೈಡ್ರೋಕಾರ್ಬನ್ನುಗಳಾಗಿ ಬದಲಿಸುವುದನ್ನು ತೋರಿಸಿದರು. 1998ರಲ್ಲಿ ಅಮೆರಿಕದ ರಾಷ್ಟ್ರೀಯ ನವೀಕರಣೀಯ ಶಕ್ತಿ ಪ್ರಯೋಗಾಲಯದ ಆಸ್ಕರ್ ಖಸೆಲೆವ್ ಮತ್ತು ಜಾನ್ ಟರ್ನರ್ ಬೆಳಕಿನಿಂದ ನೀರು ಒಡೆಯುವ, ಶೇ. 12.4 ದಕ್ಷತೆಯ ಕೋಶವನ್ನು ವರದಿ ಮಾಡಿದರು. 2011ರಲ್ಲಿ ಡೇನಿಯಲ್ ನೊಸೆರಾ ತಂಡ ಸಿಲಿಕಾನ್ ಸೌರಕೋಶಕ್ಕೆ ಕೋಬಾಲ್ಟ್ ಮತ್ತು ನಿಕ್ಕಲ್ ಆಧಾರಿತ ಕ್ರಿಯಾವರ್ಧಕಗಳನ್ನು ಲೇಪಿಸಿ, ನೀರಿನಲ್ಲಿ ಮುಳುಗಿಸಿದರೆ ಗುಳ್ಳೆಗಳಾಗಿ ಅನಿಲ ಬಿಡುವ ‘ಕೃತಕ ಎಲೆ’ಯನ್ನು ಪ್ರಕಟಿಸಿತು. 2021ರಲ್ಲಿ ಜಪಾನಿನ ಕಜುನಾರಿ ಡೊಮೆನ್ ಮತ್ತು ಸಹೋದ್ಯೋಗಿಗಳು 100 ಚದರ ಮೀಟರ್ ವಿಸ್ತಾರದ ದ್ಯುತಿ ಕ್ರಿಯಾವರ್ಧಕ ಫಲಕಗಳನ್ನು ಬಯಲಿನಲ್ಲಿ ತಿಂಗಳುಗಟ್ಟಲೆ ನಡೆಸಿ ತೋರಿಸಿದರು. ಅದರ ಗರಿಷ್ಠ ದಕ್ಷತೆ ಶೇ. 0.76.

ತತ್ತ್ವ ಮತ್ತು ರಚನೆ

ಯಾವ ವಿಧಾನವೇ ಆದರೂ ಸೌರ ಇಂಧನ ಸಾಧನದಲ್ಲಿ ಮೂರು ಕೆಲಸಗಳು ನಡೆಯಬೇಕು. ಮೊದಲನೆಯದು ಬೆಳಕನ್ನು ಹೀರುವುದು. ಎರಡನೆಯದು, ಹೀರಿದ ಶಕ್ತಿಯಿಂದ ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಅವು ತೆರವು ಮಾಡಿದ ಜಾಗಗಳಿಂದ ದೂರ ಸಾಗಿಸುವುದು. ಮೂರನೆಯದು, ಆ ಎಲೆಕ್ಟ್ರಾನುಗಳಿಂದ ರಾಸಾಯನಿಕ ಕ್ರಿಯೆ ನಡೆಸುವುದು. ಎಲೆಯಲ್ಲಿ ಮೊದಲ ಕೆಲಸ ಪತ್ರಹರಿತ್ತಿನದು. ಸಾಧನದಲ್ಲಿ ಅದನ್ನು ಅರೆವಾಹಕ ಮಾಡುತ್ತದೆ.

ನೀರನ್ನು ಒಡೆಯಲು ಸಾಮಾನ್ಯ ಉಷ್ಣತೆಯಲ್ಲಿ ಸಿದ್ಧಾಂತದ ಪ್ರಕಾರ 1.23 ವೋಲ್ಟ್ ಸಾಕು. ಕ್ರಿಯೆ ಸಾಕಷ್ಟು ವೇಗವಾಗಿ ಸಾಗಲು ವಾಸ್ತವದಲ್ಲಿ 1.6 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಒಂಟಿ ಸಿಲಿಕಾನ್ ಕೋಶ ಕೊಡುವುದು ಸುಮಾರು 0.6ರಿಂದ 0.7 ವೋಲ್ಟ್. ಆದ್ದರಿಂದ ಹಲವು ಕೋಶಗಳನ್ನು ಸರಣಿಯಲ್ಲಿ ಜೋಡಿಸುತ್ತಾರೆ, ಇಲ್ಲವೇ ಬೇರೆ ಬೇರೆ ಬಣ್ಣದ ಬೆಳಕು ಹೀರುವ ಅರೆವಾಹಕಗಳನ್ನು ಒಂದರ ಮೇಲೊಂದು ಪದರವಾಗಿ ಕೂಡಿಸುತ್ತಾರೆ.

ಈ ಕ್ರಿಯೆಯ ಕಠಿಣ ಭಾಗ ಆಕ್ಸಿಜನ್ ಬಿಡುಗಡೆ. ಒಂದು ಆಕ್ಸಿಜನ್ ಅಣು ರೂಪುಗೊಳ್ಳಲು ಎರಡು ನೀರಿನ ಅಣುಗಳಿಂದ ನಾಲ್ಕು ಎಲೆಕ್ಟ್ರಾನುಗಳನ್ನು ಸೆಳೆಯಬೇಕು. ಎಲೆಯಲ್ಲಿ ಮ್ಯಾಂಗನೀಸ್ ಮತ್ತು ಕ್ಯಾಲ್ಸಿಯಂ ಪರಮಾಣುಗಳ ಗುಚ್ಛ ಇದನ್ನು ಮಾಡುತ್ತದೆ. ಸಾಧನಗಳಲ್ಲಿ ಆಮ್ಲೀಯ ಮಾಧ್ಯಮವಾದರೆ ಇರಿಡಿಯಂ, ಕ್ಷಾರೀಯವಾದರೆ ನಿಕ್ಕಲ್, ಕಬ್ಬಿಣ, ಕೋಬಾಲ್ಟ್‌ಗಳ ಆಕ್ಸೈಡುಗಳು ಬಳಕೆಯಲ್ಲಿವೆ. ಇರಿಡಿಯಂ ಅತಿ ವಿರಳ ಲೋಹವಾದ್ದರಿಂದ ಅದಿಲ್ಲದೆ ನಡೆಯುವ ಕ್ರಿಯಾವರ್ಧಕಗಳ ಶೋಧ ಈ ಕ್ಷೇತ್ರದ ಮುಖ್ಯ ಕೆಲಸಗಳಲ್ಲಿ ಸೇರಿದೆ.

ಒಂದು ಕಿಲೋಗ್ರಾಂ ಹೈಡ್ರೋಜನ್‌ಗಾಗಿ ರಾಸಾಯನಿಕ ಲೆಕ್ಕದಂತೆ 9 ಲೀಟರ್ ನೀರು ಒಡೆಯಬೇಕು. ಶುದ್ಧೀಕರಣದಲ್ಲಿ ಹೊರಹೋಗುವ ಮತ್ತು ತಂಪಾಗಿಸಲು ಬೇಕಾದ ನೀರು ಬೇರೆ. ಇಂದಿನ ಎಲೆಕ್ಟ್ರೊಲೈಸರುಗಳು ಒಂದು ಕಿಲೋಗ್ರಾಂ ಹೈಡ್ರೋಜನ್‌ಗೆ ಸುಮಾರು 50ರಿಂದ 55 ಯೂನಿಟ್ ವಿದ್ಯುತ್ ಬಳಸುತ್ತವೆ.

ವಿಧಗಳು

1. ಸೌರವಿದ್ಯುತ್ತಿನಿಂದ ವಿದ್ಯುದ್ವಿಭಜನೆ

ಸೌರಫಲಕ ಮತ್ತು ಎಲೆಕ್ಟ್ರೊಲೈಸರ್ ಎರಡೂ ಪ್ರತ್ಯೇಕ ಯಂತ್ರಗಳಾಗಿದ್ದು ತಂತಿಯ ಮೂಲಕ ಕೂಡಿರುವ ವ್ಯವಸ್ಥೆ ಇದು. ಬಿಸಿಲಿನಿಂದ ನೀರು ಒಡೆಯುವ ವಿಧಾನಗಳಲ್ಲಿ ಉದ್ಯಮದ ಮಟ್ಟಕ್ಕೆ ಬೆಳೆದಿರುವುದು ಸದ್ಯಕ್ಕೆ ಇದೊಂದೇ. ಫಲಕದ ದಕ್ಷತೆ ಶೇ. 20, ಎಲೆಕ್ಟ್ರೊಲೈಸರಿನದು ಶೇ. 70 ಎಂದು ಹಿಡಿದರೆ ಒಟ್ಟು ದಕ್ಷತೆ ಶೇ. 14 ಆಗುತ್ತದೆ. 2016ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಸಾಂದ್ರೀಕರಿಸಿದ ಬೆಳಕಿನಲ್ಲಿ ಶೇ. 30 ಮೀರಿದ ದಕ್ಷತೆಯನ್ನು ಪ್ರಯೋಗಾಲಯದಲ್ಲಿ ಸಾಧಿಸಿತು. ಎಲೆಕ್ಟ್ರೊಲೈಸರುಗಳಲ್ಲಿ ಕ್ಷಾರೀಯ, ಪ್ರೋಟಾನ್ ವಿನಿಮಯ ಪೊರೆ, ಋಣ ಅಯಾನು ವಿನಿಮಯ ಪೊರೆ ಮತ್ತು ಘನ ಆಕ್ಸೈಡ್ ಎಂಬ ನಾಲ್ಕು ಬಗೆಗಳಿವೆ. ಮೊದಲನೆಯದು ಹಳೆಯದು, ಅಗ್ಗ. ಎರಡನೆಯದು ಬಿಸಿಲಿನ ಏರಿಳಿತಕ್ಕೆ ಬೇಗ ಹೊಂದಿಕೊಳ್ಳುತ್ತದೆ. ಕೊನೆಯದು 700 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಉಷ್ಣತೆಯಲ್ಲಿ ಹಬೆಯನ್ನು ಒಡೆಯುತ್ತದೆ; ಹಬೆಗೆ ಬೇಕಾದ ಶಾಖ ಹೊರಗಿನಿಂದ ಸಿಕ್ಕರೆ ಅದರ ವಿದ್ಯುತ್ ಬಳಕೆ ಕಡಿಮೆಯಾಗುತ್ತದೆ.

2. ದ್ಯುತಿ-ವಿದ್ಯುದ್ರಾಸಾಯನಿಕ ಕೋಶ

ಇಲ್ಲಿ ಅರೆವಾಹಕವೇ ವಿದ್ಯುದಗ್ರವಾಗಿ ದ್ರಾವಣದಲ್ಲಿ ಮುಳುಗಿರುತ್ತದೆ. ಬೆಳಕು ಹೀರುವುದು ಮತ್ತು ನೀರು ಒಡೆಯುವುದು ಒಂದೇ ಮೇಲ್ಮೈಯಲ್ಲಿ ನಡೆಯುತ್ತವೆ. 2018ರಲ್ಲಿ ಇಂಥ ಕೋಶದಲ್ಲಿ ಶೇ. 19.3 ದಕ್ಷತೆ ದಾಖಲಾಯಿತು. ದ್ರಾವಣದಲ್ಲಿ ಅರೆವಾಹಕ ಬೇಗ ಸವೆಯುವುದು ಇದರ ದೊಡ್ಡ ತೊಡಕು. ಅದನ್ನು ತಡೆಯಲು ಟೈಟಾನಿಯಂ ಡೈಆಕ್ಸೈಡಿನಂಥ ತೆಳು ರಕ್ಷಾಪದರಗಳನ್ನು ಹಚ್ಚುತ್ತಾರೆ.

3. ದ್ಯುತಿ ಕ್ರಿಯಾವರ್ಧಕ ಪುಡಿ

ನೀರಿನಲ್ಲಿ ಕದಡಿದ ಅಥವಾ ಹಾಳೆಯ ಮೇಲೆ ಲೇಪಿಸಿದ ಪುಡಿಯ ಪ್ರತಿ ಕಣವೂ ಸ್ವತಂತ್ರ ಕೋಶದಂತೆ ಕೆಲಸ ಮಾಡುತ್ತದೆ. ತಂತಿ, ಯಂತ್ರಗಳಿಲ್ಲದ್ದರಿಂದ ರಚನೆ ಸರಳ, ಖರ್ಚು ಕಡಿಮೆ. ದಕ್ಷತೆ ಇನ್ನೂ ತಗ್ಗಿನಲ್ಲಿದೆ. ಹೈಡ್ರೋಜನ್ ಮತ್ತು ಆಕ್ಸಿಜನ್ ಒಟ್ಟಿಗೆ ಹೊರಬರುವುದರಿಂದ ಸ್ಫೋಟದ ಅಪಾಯವಿದ್ದು, ಎರಡನ್ನೂ ಬೇರ್ಪಡಿಸುವ ಪೊರೆ ಅಗತ್ಯ.

4. ಸೌರ ಉಷ್ಣರಾಸಾಯನಿಕ ವಿಧಾನ

ನೂರಾರು ಕನ್ನಡಿಗಳಿಂದ ಬಿಸಿಲನ್ನು ಗೋಪುರದ ತುದಿಯ ಕುಲುಮೆಗೆ ಕೂಡಿಸಿ, ಅಲ್ಲಿರುವ ಸೀರಿಯಂ ಆಕ್ಸೈಡನ್ನು ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಆಗ ಅದು ಸ್ವಲ್ಪ ಆಕ್ಸಿಜನ್ ಬಿಟ್ಟುಕೊಡುತ್ತದೆ. ಉಷ್ಣತೆ ಇಳಿಸಿ ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಹಾಯಿಸಿದಾಗ ಅವುಗಳಿಂದ ಆಕ್ಸಿಜನ್ ಕಸಿದುಕೊಂಡು ಮೊದಲಿನ ಸ್ಥಿತಿಗೆ ಮರಳುತ್ತದೆ. ಉಳಿಯುವುದು ಸಂಶ್ಲೇಷಣ ಅನಿಲ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಸಂಸ್ಥೆಯ ಆಲ್ಡೊ ಸ್ಟೈನ್‌ಫೆಲ್ಡ್ ತಂಡ ಇದನ್ನು ಬೆಳೆಸಿತು. ಸ್ಪೇನಿನ ಮೋಸ್ತೊಲೆಸ್‌ನಲ್ಲಿ ನಡೆದ ಗೋಪುರ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಅದರ ದಕ್ಷತೆ ಶೇ. 4.1. ಅದೇ ಸಂಸ್ಥೆಯಿಂದ ಕವಲೊಡೆದ ಸಿನ್ಹೆಲಿಯನ್ ಕಂಪನಿ 2024ರ ಜೂನ್‌ನಲ್ಲಿ ಜರ್ಮನಿಯ ಯೂಲಿಷ್‌ನಲ್ಲಿ ಸೌರಶಾಖದಿಂದ ದ್ರವ ಇಂಧನ ತಯಾರಿಸುವ ಘಟಕವನ್ನು ಉದ್ಘಾಟಿಸಿತು.

5. ಜೈವಿಕ ವಿಧಾನಗಳು

ಬೆಳೆಯುಳಿಕೆ, ಪಾಚಿ, ಸೂಕ್ಷ್ಮಜೀವಿಗಳ ಮೂಲಕ ಇಂಧನ ಪಡೆಯುವ ದಾರಿಗಳಿವು. ಬೆಳೆಗಳು ಬಿಸಿಲಿನ ಶಕ್ತಿಯಲ್ಲಿ ಸಾಮಾನ್ಯವಾಗಿ ಶೇ. 1ರಷ್ಟನ್ನೋ ಅದಕ್ಕಿಂತ ಕಡಿಮೆಯನ್ನೋ ಹಿಡಿದಿಡುತ್ತವೆ. ದಕ್ಷತೆ ಕಡಿಮೆಯಿದ್ದರೂ ಬೆಳೆಯುಳಿಕೆಗೆ ಬೇರೆ ನೆಲ ಬೇಕಿಲ್ಲ. ಆಹಾರ ಬೆಳೆಯುವಾಗಲೇ ಅದು ಸಿಗುತ್ತದೆ. ಅದನ್ನು ಆಕ್ಸಿಜನ್ ಮತ್ತು ಹಬೆಯಲ್ಲಿ ಅನಿಲೀಕರಿಸಿದರೆ ಹೈಡ್ರೋಜನ್, ಹುದುಗಿಸಿದರೆ ಎಥನಾಲ್ ಅಥವಾ ಜೈವಿಕ ಅನಿಲ ದೊರೆಯುತ್ತದೆ. 2016ರಲ್ಲಿ ನೊಸೆರಾ ಮತ್ತು ಪಮೆಲಾ ಸಿಲ್ವರ್ ಹಾರ್ವರ್ಡ್‌ನಲ್ಲಿ, ನೀರಿನಿಂದ ಒಡೆದ ಹೈಡ್ರೋಜನ್ನನ್ನು ಬ್ಯಾಕ್ಟೀರಿಯಾಗಳಿಗೆ ಉಣಿಸಿ ಆಲ್ಕೊಹಾಲ್ ತಯಾರಿಸುವ ಮಿಶ್ರ ವ್ಯವಸ್ಥೆಯನ್ನು ತೋರಿಸಿದರು.

ಉತ್ಪನ್ನಗಳು ಮತ್ತು ಬಳಕೆ

ಹೈಡ್ರೋಜನ್: ತೂಕದ ಲೆಕ್ಕದಲ್ಲಿ ಅತಿ ಹೆಚ್ಚು ಶಕ್ತಿ ಹೊತ್ತ ಇಂಧನ, ಒಂದು ಕಿಲೋಗ್ರಾಂನಲ್ಲಿ ಬಳಕೆಗೆ ಸಿಗುವ ಶಕ್ತಿ ಸುಮಾರು 33 ಕಿಲೋವ್ಯಾಟ್-ಗಂಟೆ. ಗಾತ್ರದ ಲೆಕ್ಕದಲ್ಲಿ ಮಾತ್ರ ಅದರ ಶಕ್ತಿ ಬಹಳ ಕಡಿಮೆ. ಇದನ್ನು 350ರಿಂದ 700 ಬಾರ್ ಒತ್ತಡದಲ್ಲಿ ತುಂಬಬೇಕು, ಇಲ್ಲವೇ ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವವಾಗಿಸಬೇಕು. ತೈಲ ಶುದ್ಧೀಕರಣ, ರಸಗೊಬ್ಬರ, ಉಕ್ಕು ತಯಾರಿಕೆ ಮತ್ತು ಇಂಧನಕೋಶದ ವಾಹನಗಳಲ್ಲಿ ಬಳಕೆ.

ಅಮೋನಿಯಾ: ಮೈನಸ್ 33 ಡಿಗ್ರಿಯಲ್ಲೇ ದ್ರವವಾಗುವುದರಿಂದ ಸಾಗಣೆ ಸುಲಭ. ಯೂರಿಯಾ ಮತ್ತು ಡಿಎಪಿ ಗೊಬ್ಬರಗಳ ಮೂಲವಸ್ತು; ಹಡಗುಗಳ ಇಂಧನವಾಗಿಯೂ ಪ್ರಯೋಗದಲ್ಲಿದೆ. ವಿಷಕಾರಿ ಅನಿಲವಾದ್ದರಿಂದ ಕಟ್ಟೆಚ್ಚರ ಬೇಕು.

ಮೆಥನಾಲ್: ಸಾಮಾನ್ಯ ಉಷ್ಣತೆಯಲ್ಲಿ ದ್ರವ. ಒಂದು ಟನ್ ಮೆಥನಾಲ್‌ಗೆ ಸುಮಾರು 1.4 ಟನ್ ಕಾರ್ಬನ್ ಡೈಆಕ್ಸೈಡ್ ಮತ್ತು 190 ಕಿಲೋಗ್ರಾಂ ಹೈಡ್ರೋಜನ್ ಬೇಕು. ಬಣ್ಣ, ಅಂಟು, ಪ್ಲಾಸ್ಟಿಕ್ ಉದ್ಯಮಗಳಿಗೂ ಇದು ಕಚ್ಚಾವಸ್ತು.

ಮೀಥೇನ್ ಮತ್ತು ದ್ರವ ಹೈಡ್ರೋಕಾರ್ಬನ್: ಈಗಿರುವ ಅನಿಲ ಕೊಳವೆ, ಎಂಜಿನ್, ವಿಮಾನಗಳಲ್ಲಿ ಬದಲಾವಣೆ ಇಲ್ಲದೆ ಬಳಸಬಹುದು. ತಯಾರಿಕೆಯ ಹಂತಗಳು ಹೆಚ್ಚಿದಷ್ಟೂ ಶಕ್ತಿ ನಷ್ಟ ಹೆಚ್ಚು.

ಭಾರತದಲ್ಲಿ ಸೌರ ಇಂಧನ

ಭಾರತದ ಶುದ್ಧೀಕರಣಾಗಾರಗಳೂ ಗೊಬ್ಬರ ಕಾರ್ಖಾನೆಗಳೂ ವರ್ಷಕ್ಕೆ 50 ಲಕ್ಷ ಟನ್ನಿಗೂ ಹೆಚ್ಚು ಹೈಡ್ರೋಜನ್ ಬಳಸುತ್ತವೆ. ಇದರ ಬಹುಪಾಲು ನೈಸರ್ಗಿಕ ಅನಿಲದಿಂದ ತಯಾರಾಗುತ್ತದೆ. ಒಂದು ಕಿಲೋಗ್ರಾಂಗೆ ಸುಮಾರು 9ರಿಂದ 10 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಕೇಂದ್ರ ಸಚಿವ ಸಂಪುಟ 2023ರ ಜನವರಿ 4ರಂದು 19,744 ಕೋಟಿ ರೂಪಾಯಿ ವೆಚ್ಚದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ನೀಡಿತು. 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಹೈಡ್ರೋಜನ್ ತಯಾರಿಸುವ ಸಾಮರ್ಥ್ಯ ಇದರ ಗುರಿ.

2022ರ ಏಪ್ರಿಲ್‌ನಲ್ಲಿ ಆಯಿಲ್ ಇಂಡಿಯಾ ಸಂಸ್ಥೆ ಅಸ್ಸಾಮಿನ ಜೋರ್ಹಾಟ್‌ನಲ್ಲಿ ಸೌರವಿದ್ಯುತ್ತಿನಿಂದ ದಿನಕ್ಕೆ 10 ಕಿಲೋಗ್ರಾಂ ಹೈಡ್ರೋಜನ್ ತಯಾರಿಸುವ ಘಟಕ ಆರಂಭಿಸಿತು. 2023ರ ಜನವರಿಯಲ್ಲಿ ಎನ್‌ಟಿಪಿಸಿ ಗುಜರಾತಿನ ಕವಾಸ್‌ನಲ್ಲಿ ಮನೆಬಳಕೆಯ ಕೊಳವೆ ಅನಿಲಕ್ಕೆ ಹಸಿರು ಹೈಡ್ರೋಜನ್ ಬೆರೆಸತೊಡಗಿತು. ಮಧ್ಯಪ್ರದೇಶದ ವಿಂಧ್ಯಾಚಲ ಉಷ್ಣಸ್ಥಾವರದಲ್ಲಿ ಹೊಗೆಯಿಂದ ಹಿಡಿದ ಕಾರ್ಬನ್ ಡೈಆಕ್ಸೈಡ್ ಮತ್ತು ವಿದ್ಯುದ್ವಿಭಜನೆಯ ಹೈಡ್ರೋಜನ್‌ನಿಂದ ಮೆಥನಾಲ್ ತಯಾರಿಸುವ, ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕವನ್ನೂ ಅದೇ ಸಂಸ್ಥೆ ಕಟ್ಟಿದೆ. ಕಲ್ಲಿದ್ದಲು ಸ್ಥಾವರಗಳಿರುವ ಜಿಲ್ಲೆಗಳಿಗೆ ಇದು ಹತ್ತಿರದ ಮಾದರಿ.

ಕರ್ನಾಟಕದ ಸಂಶೋಧನೆ

ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ (1989ರಲ್ಲಿ ಸ್ಥಾಪನೆ) ಈ ಕ್ಷೇತ್ರದ ಪ್ರಮುಖ ನೆಲೆ. ಇಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಸತುವಿನ ಆಕ್ಸೈಡ್, ಪ್ಲಾಟಿನಂ ಮತ್ತು ಕ್ಯಾಡ್ಮಿಯಂ ಸಲ್ಫೈಡ್ ಜೋಡಿಸಿದ ಸೂಕ್ಷ್ಮ ರಚನೆಗಳಿಂದ ಬೆಳಕಿನಲ್ಲಿ ಹೈಡ್ರೋಜನ್ ಪಡೆಯುವುದನ್ನು 2013ರಲ್ಲಿ ವರದಿ ಮಾಡಿದರು. ಮ್ಯಾಂಗನೀಸ್ ಇರುವ ಪೆರೋವ್‌ಸ್ಕೈಟ್ ಆಕ್ಸೈಡುಗಳಿಂದ ಶಾಖದ ಮೂಲಕ ನೀರನ್ನು ಒಡೆಯುವ ಅಧ್ಯಯನವನ್ನೂ ನಡೆಸಿದರು. ತಪಸ್ ಮಾಜಿ ಅವರ ತಂಡ ರಂಧ್ರಮಯ ಸಾವಯವ-ಲೋಹ ಚೌಕಟ್ಟುಗಳಿಂದ ಕಾರ್ಬನ್ ಡೈಆಕ್ಸೈಡನ್ನು ಇಂಧನವಾಗಿಸುವ ಕೆಲಸದಲ್ಲಿ ತೊಡಗಿದೆ. ಸೆಬಾಸ್ಟಿಯನ್ ಪೀಟರ್ ಅವರ ತಂಡ ಕಾರ್ಬನ್ ಡೈಆಕ್ಸೈಡಿನಿಂದ ಮೆಥನಾಲ್ ಮುಂತಾದವನ್ನು ತಯಾರಿಸುವ ಕ್ರಿಯಾವರ್ಧಕಗಳನ್ನು ರೂಪಿಸಿತು. ಇದರಿಂದ ಹುಟ್ಟಿದ ಬ್ರೀದ್ ಅಪ್ಲೈಡ್ ಸೈನ್ಸಸ್ ಕಂಪನಿ 2018ರಲ್ಲಿ ಅಂತರರಾಷ್ಟ್ರೀಯ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಅಂತಿಮ ಸುತ್ತಿಗೆ ಆಯ್ಕೆಯಾಯಿತು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ದಾಸಪ್ಪ ಅವರ ತಂಡ ಜೀವರಾಶಿಯನ್ನು ಆಕ್ಸಿಜನ್ ಮತ್ತು ಹಬೆಯಲ್ಲಿ ಅನಿಲೀಕರಿಸಿ ಹೈಡ್ರೋಜನ್ ಬೇರ್ಪಡಿಸುವ ವಿಧಾನವನ್ನು ಬೆಳೆಸಿದೆ. ಒಂದು ಕಿಲೋಗ್ರಾಂ ಜೀವರಾಶಿಯಲ್ಲಿ ಸುಮಾರು 60 ಗ್ರಾಂ ಹೈಡ್ರೋಜನ್ ಇರುತ್ತದೆ. ಹಬೆಯಿಂದಲೂ ಹೈಡ್ರೋಜನ್ ಸೇರುವುದರಿಂದ ಈ ವಿಧಾನದಲ್ಲಿ 100 ಗ್ರಾಂನಷ್ಟು ದೊರೆಯುತ್ತದೆ. ಬೆಂಗಳೂರಿನ ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರವು ಸಿಲಿಕಾನ್ ಆಧಾರಿತ ವಿದ್ಯುದಗ್ರಗಳಿಂದ ಬೆಳಕಿನಲ್ಲಿ ನೀರು ಒಡೆಯುವ ಸಾಧನದ ಮೇಲೆ ಕೆಲಸ ಮಾಡುತ್ತಿದೆ.

ಹಸಿರು ಹೈಡ್ರೋಜನ್ ಮತ್ತು ಅಮೋನಿಯಾ ಘಟಕಗಳಿಗಾಗಿ ಕರ್ನಾಟಕ ಸರ್ಕಾರ 2022ರಲ್ಲಿ ಹಲವು ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಬಂದರು, ತೈಲ ಶುದ್ಧೀಕರಣಾಗಾರ ಮತ್ತು ಗೊಬ್ಬರ ಕಾರ್ಖಾನೆ ಇರುವ ಮಂಗಳೂರು ಇವುಗಳಲ್ಲಿ ಮುಖ್ಯವಾಗಿ ಕೇಳಿಬಂದ ಸ್ಥಳ. ಬಿಸಿಲು ಹೆಚ್ಚಿರುವುದು ರಾಜ್ಯದ ಒಳನಾಡಿನಲ್ಲಿ. ಸೌರಶಕ್ತಿ ಒಂದು ಕಡೆ, ಇಂಧನದ ಗ್ರಾಹಕ ಇನ್ನೊಂದು ಕಡೆ ಇರುವುದರಿಂದ ವಿದ್ಯುತ್ ಸಾಗಿಸಬೇಕೋ ಇಂಧನ ಸಾಗಿಸಬೇಕೋ ಎಂಬುದು ರಾಜ್ಯದ ಯೋಜನೆಗಳಲ್ಲಿ ಮೊದಲು ತೀರ್ಮಾನವಾಗಬೇಕಾದ ವಿಷಯ.

ರಾಯಚೂರು, ದೇವದುರ್ಗ ಮತ್ತು ಮಾನ್ವಿ

ಈ ಮೂರು ತಾಲ್ಲೂಕುಗಳಲ್ಲಿ ಬಿಸಿಲಿನಿಂದ ನೇರವಾಗಿ ಇಂಧನ ತಯಾರಿಸುವ ದೊಡ್ಡ ಕಾರ್ಖಾನೆ ಇನ್ನೂ ಬಂದಿಲ್ಲ. ಸೌರವಿದ್ಯುತ್ ಉತ್ಪಾದನೆ ಮತ್ತು ಬೆಳೆಯುಳಿಕೆಯ ಇಂಧನ ಬಳಕೆ ಬೇರೂರಿವೆ. ಸೌರ ಇಂಧನದ ದೃಷ್ಟಿಯಿಂದ ಇಲ್ಲಿನ ಸಂಪನ್ಮೂಲಗಳು ಹೀಗಿವೆ.

ಬಿಸಿಲು: ರಾಯಚೂರು ರಾಜ್ಯದ ಅತಿ ಬಿಸಿಯ ಪ್ರದೇಶಗಳಲ್ಲಿ ಒಂದು. 1928ರ ಮೇ 23ರಂದು ಇಲ್ಲಿ 45.6 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ವಾರ್ಷಿಕ ಸರಾಸರಿಯಲ್ಲಿ ಚದರ ಮೀಟರಿಗೆ ದಿನಕ್ಕೆ 5ರಿಂದ 6 ಕಿಲೋವ್ಯಾಟ್-ಗಂಟೆ ಸೌರಶಕ್ತಿ ಬೀಳುತ್ತದೆ. ಆದರೆ ಬಿಸಿಲು ಮತ್ತು ಸೆಕೆ ಬೇರೆ ಬೇರೆ ಪರಿಣಾಮ ಬೀರುತ್ತವೆ. ಸಿಲಿಕಾನ್ ಫಲಕದ ಉತ್ಪಾದನೆ 25 ಡಿಗ್ರಿ ಮೀರಿದ ಪ್ರತಿ ಡಿಗ್ರಿಗೆ ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಕರ್ನಾಟಕ ವಿದ್ಯುತ್ ನಿಗಮ ರಾಯಚೂರು ತಾಲ್ಲೂಕಿನ ಯಾಪಲದಿನ್ನಿಯಲ್ಲಿ ಸ್ಥಾಪಿಸಿದ 3 ಮೆಗಾವ್ಯಾಟ್ ಘಟಕ ರಾಜ್ಯದ ಮೊದಲ ಸೌರವಿದ್ಯುತ್ ಘಟಕಗಳ ಸಾಲಿಗೆ ಸೇರಿದೆ. ಅದು ಗ್ರಿಡ್‌ಗೆ ವಿದ್ಯುತ್ ಕೊಡುವ ಘಟಕ. ಲೆಕ್ಕಕ್ಕಾಗಿ ನೋಡಿದರೆ, 3 ಮೆಗಾವ್ಯಾಟ್ ಫಲಕಗಳು ಶೇ. 19ರ ಬಳಕೆ ಪ್ರಮಾಣದಲ್ಲಿ ವರ್ಷಕ್ಕೆ ಸುಮಾರು 50 ಲಕ್ಷ ಯೂನಿಟ್ ಕೊಡುತ್ತವೆ. ಅಷ್ಟರಿಂದ ಸುಮಾರು 90 ಟನ್ ಹೈಡ್ರೋಜನ್ ತಯಾರಿಸಬಹುದು.

ನೀರು: ದೇವದುರ್ಗ ತಾಲ್ಲೂಕಿಗೆ ಕೃಷ್ಣಾ ನದಿಯ ನಾರಾಯಣಪುರ ಬಲದಂಡೆ ಕಾಲುವೆಯಿಂದ, ಮಾನ್ವಿ ತಾಲ್ಲೂಕಿಗೆ ತುಂಗಭದ್ರಾ ಎಡದಂಡೆ ಕಾಲುವೆಯಿಂದ ನೀರು ಬರುತ್ತದೆ. ಮೇಲಿನ 90 ಟನ್ ಹೈಡ್ರೋಜನ್‌ಗೆ ಒಡೆಯಬೇಕಾದ ನೀರು ವರ್ಷಕ್ಕೆ ಸುಮಾರು 8 ಲಕ್ಷ ಲೀಟರ್. ಒಂದು ಎಕರೆ ಭತ್ತಕ್ಕೆ ಒಂದು ಹಂಗಾಮಿನಲ್ಲಿ 1,200 ಮಿಲಿಮೀಟರ್ ನೀರು ಎಂದು ಹಿಡಿದರೆ ಸುಮಾರು 48 ಲಕ್ಷ ಲೀಟರ್ ಆಗುತ್ತದೆ. ಹೀಗೆ ಪ್ರಮಾಣದಲ್ಲಿ ನೀರಿನ ಅಗತ್ಯ ದೊಡ್ಡದಲ್ಲ. ತೊಡಕಿರುವುದು ಕಾಲ ಮತ್ತು ಗುಣಮಟ್ಟದಲ್ಲಿ. ಬಿಸಿಲು ಗರಿಷ್ಠವಾಗಿರುವ ಬೇಸಿಗೆಯಲ್ಲೇ ಕಾಲುವೆಗಳಿಗೆ ನೀರು ನಿಲ್ಲುತ್ತದೆ. ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ 133 ಟಿಎಂಸಿ ಅಡಿಯಿಂದ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಮಾನ್ವಿ, ರಾಯಚೂರು ಭಾಗದ ಕೊನೆಯಂಚಿನ ರೈತರಿಗೆ ಸರದಿಯ ನೀರು ತಲುಪುವುದೇ ಕಷ್ಟ. ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಮತ್ತು ಲವಣಾಂಶ ಹೆಚ್ಚಾಗಿದೆ. ಎಲೆಕ್ಟ್ರೊಲೈಸರಿಗೆ ಖನಿಜರಹಿತ ಶುದ್ಧ ನೀರೇ ಬೇಕಾದ್ದರಿಂದ ಶುದ್ಧೀಕರಣ ಘಟಕ ಮತ್ತು ಅದರಿಂದ ಹೊರಬರುವ ಉಪ್ಪುನೀರಿನ ವಿಲೇವಾರಿ ಯೋಜನೆಯ ಭಾಗವಾಗಿರಬೇಕಾಗುತ್ತದೆ.

ಇಂಗಾಲ: ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ 1985ರಲ್ಲಿ ಉತ್ಪಾದನೆ ಆರಂಭಿಸಿತು. ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. 2017ರಿಂದ ನಡೆಯುತ್ತಿರುವ ಯರಮರಸ್ ಕೇಂದ್ರದಲ್ಲಿ 800 ಮೆಗಾವ್ಯಾಟಿನ ಎರಡು ಘಟಕಗಳಿವೆ. ಶಕ್ತಿನಗರದ ಕೇಂದ್ರ ಪೂರ್ಣ ಸಾಮರ್ಥ್ಯದಲ್ಲಿ ಒಂದು ಗಂಟೆ ನಡೆದರೆ ಸುಮಾರು 1,600 ಟನ್ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಇದನ್ನೆಲ್ಲ ಮೆಥನಾಲ್ ಮಾಡಲು ಸುಮಾರು 218 ಟನ್ ಹೈಡ್ರೋಜನ್, ಅದಕ್ಕಾಗಿ ಸುಮಾರು 1.2 ಕೋಟಿ ಯೂನಿಟ್ ವಿದ್ಯುತ್ ಬೇಕು. ಅದೇ ಗಂಟೆಯಲ್ಲಿ ಕೇಂದ್ರ ಉತ್ಪಾದಿಸುವುದು 17.2 ಲಕ್ಷ ಯೂನಿಟ್, ಅಂದರೆ ಏಳರಲ್ಲಿ ಒಂದು ಪಾಲು. ಆದ್ದರಿಂದ ಸ್ಥಾವರದ ಹೊಗೆಯಲ್ಲಿ ಸಣ್ಣ ಭಾಗವನ್ನು ಮಾತ್ರ ಈ ದಾರಿಯಲ್ಲಿ ಬಳಸಲು ಸಾಧ್ಯ. ಅಲ್ಲದೆ ಆ ಮೆಥನಾಲ್ ಉರಿದಾಗ ಕಲ್ಲಿದ್ದಲಿನ ಇಂಗಾಲ ಕೊನೆಗೂ ಗಾಳಿಗೇ ಸೇರುತ್ತದೆ. ಬೆಳೆಯಿಂದ ಬಂದ ಇಂಗಾಲಕ್ಕೆ ಈ ದೋಷವಿಲ್ಲ; ಗಿಡ ಗಾಳಿಯಿಂದ ಪಡೆದದ್ದೇ ಗಾಳಿಗೆ ಮರಳುತ್ತದೆ.

ಬೆಳೆಯುಳಿಕೆ: ಮಾನ್ವಿ ಮತ್ತು ರಾಯಚೂರು ಭಾಗದ ಕಾಲುವೆ ಪ್ರದೇಶದಲ್ಲಿ ಭತ್ತ, ದೇವದುರ್ಗದಲ್ಲಿ ಭತ್ತದೊಂದಿಗೆ ಹತ್ತಿ ಮತ್ತು ತೊಗರಿ ಮುಖ್ಯ ಬೆಳೆಗಳು. ಒಂದು ಟನ್ ಭತ್ತ ಮಿಲ್ ಮಾಡಿದರೆ ಸುಮಾರು 200 ಕಿಲೋಗ್ರಾಂ ಹೊಟ್ಟು ಸಿಗುತ್ತದೆ. ಅಕ್ಕಿ ಗಿರಣಿಗಳ ಬಾಯ್ಲರುಗಳಲ್ಲಿ ಇದೇ ಇಂಧನ. ಹೀಗಾಗಿ ಹೊಟ್ಟಿಗೆ ಈಗಾಗಲೇ ಮಾರುಕಟ್ಟೆ ಇದೆ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಒಲೆಗೆ ಹೋಗುತ್ತವೆ, ಇಲ್ಲವೇ ಹೊಲದಲ್ಲೇ ಸುಡಲ್ಪಡುತ್ತವೆ. ಹೊಸ ಬಳಕೆಗೆ ಹೆಚ್ಚು ಅವಕಾಶ ಇರುವುದು ಇವುಗಳಲ್ಲಿ. ಭತ್ತದ ಹುಲ್ಲು ದನಗಳ ಮೇವು ಆದ್ದರಿಂದ ಅದನ್ನು ಪೂರ್ತಿಯಾಗಿ ಇಂಧನಕ್ಕೆ ಎಣಿಸಲಾಗದು. ಭತ್ತದ ಹೊಟ್ಟಿನಲ್ಲಿ ಬೂದಿಯ ಅಂಶ ಸುಮಾರು ಐದನೇ ಒಂದು ಪಾಲಿದ್ದು, ಅದರ ಬಹುಭಾಗ ಸಿಲಿಕಾ. ಇದು ಅನಿಲೀಕರಣ ಕುಲುಮೆಯಲ್ಲಿ ಕರಗಿ ಗಟ್ಟಿಕಟ್ಟುವುದರಿಂದ ಕುಲುಮೆಯ ವಿನ್ಯಾಸ ಅದಕ್ಕೆ ತಕ್ಕಂತಿರಬೇಕು.

ಸಂಪರ್ಕ ಮತ್ತು ಶಿಕ್ಷಣ: 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ 765 ಕಿಲೋವೋಲ್ಟ್ ಮಾರ್ಗ ಚಾಲನೆಗೊಂಡು ದಕ್ಷಿಣ ಭಾರತದ ಗ್ರಿಡ್ ದೇಶದ ಉಳಿದ ಗ್ರಿಡ್‌ಗೆ ಸೇರಿತು. ಬೇರೆಡೆಯ ಸೌರ, ಪವನ ವಿದ್ಯುತ್ತನ್ನು ಇಲ್ಲಿಗೆ ತಂದು ರಾತ್ರಿಯೂ ಎಲೆಕ್ಟ್ರೊಲೈಸರ್ ನಡೆಸಲು ಇಂಥ ಮಾರ್ಗಗಳು ನೆರವಾಗಬಲ್ಲವು. ನಗರದಲ್ಲಿರುವ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ (2009ರಲ್ಲಿ ಸ್ಥಾಪನೆ) ಕೃಷಿ ಎಂಜಿನಿಯರಿಂಗ್ ಮಹಾವಿದ್ಯಾಲಯ ಈ ಭಾಗಕ್ಕೆ ಕೃಷಿ ತಂತ್ರಜ್ಞರನ್ನು ತಯಾರು ಮಾಡುತ್ತದೆ.

ಮಿತಿಗಳು

ಸೌರ ಇಂಧನಕ್ಕಿರುವ ಮೊದಲ ಅಡ್ಡಿ ವೆಚ್ಚ. ಬಿಸಿಲಿರುವಷ್ಟು ಹೊತ್ತು ಮಾತ್ರ ನಡೆಯುವ ಎಲೆಕ್ಟ್ರೊಲೈಸರ್ ದಿನದ ಕಾಲು ಭಾಗವಷ್ಟೇ ದುಡಿಯುತ್ತದೆ. ಬಂಡವಾಳದ ಹೊರೆ ಪ್ರತಿ ಕಿಲೋಗ್ರಾಂ ಮೇಲೆ ಹೆಚ್ಚುತ್ತದೆ. ಎರಡನೆಯದು ಬಾಳಿಕೆ. ದ್ಯುತಿ-ವಿದ್ಯುದ್ರಾಸಾಯನಿಕ ಕೋಶಗಳು ಹೆಚ್ಚಾಗಿ ಗಂಟೆ, ದಿನಗಳ ಲೆಕ್ಕದಲ್ಲಿ ಬಾಳುತ್ತವೆ. ಸೌರಫಲಕಗಳು 25 ವರ್ಷ ಬಾಳುತ್ತವೆ. ಮೂರನೆಯದು ನೆಲ. ಒಂದು ಮೆಗಾವ್ಯಾಟ್ ಸೌರಫಲಕಗಳಿಗೆ ನಾಲ್ಕೈದು ಎಕರೆ ಬೇಕು. ಕಾಲುವೆ ನೀರು ಕಂಡ ನೆಲವನ್ನು ಇದಕ್ಕೆ ಬಳಸಿದರೆ ಆಹಾರ ಬೆಳೆಗೆ ಕೊರತೆಯಾಗುತ್ತದೆ. ನಾಲ್ಕನೆಯದು ಪರಿವರ್ತನೆಯ ನಷ್ಟ. ವಿದ್ಯುತ್ತನ್ನು ಹೈಡ್ರೋಜನ್ ಮಾಡಿ ಮತ್ತೆ ವಿದ್ಯುತ್ ಮಾಡಿದರೆ ಮೂಲದ ಮೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಉಳಿಯುತ್ತದೆ. ಆದ್ದರಿಂದ ಪಂಪ್‌ಸೆಟ್, ದೀಪ, ಬೈಕುಗಳಂತೆ ನೇರವಾಗಿ ವಿದ್ಯುತ್ತಿನಿಂದ ನಡೆಯಬಲ್ಲ ಕೆಲಸಗಳಿಗೆ ಸೌರ ಇಂಧನ ತಕ್ಕುದಲ್ಲ; ಗೊಬ್ಬರ, ಉಕ್ಕು, ಹಡಗು, ವಿಮಾನಗಳಿಗೆ ತಕ್ಕುದು.

ಸದ್ಯದ ಸ್ಥಿತಿ

ಸೌರವಿದ್ಯುತ್ತಿನಿಂದ ವಿದ್ಯುದ್ವಿಭಜನೆ ವಾಣಿಜ್ಯ ಹಂತ ತಲುಪಿದೆ. ಭಾರತೀಯ ಸೌರಶಕ್ತಿ ನಿಗಮ 2025ರಲ್ಲಿ ಗೊಬ್ಬರ ಕಾರ್ಖಾನೆಗಳಿಗಾಗಿ ನಡೆಸಿದ ಹರಾಜುಗಳಲ್ಲಿ ಹಸಿರು ಅಮೋನಿಯಾದ ಬೆಲೆ ಕಿಲೋಗ್ರಾಂಗೆ ಸುಮಾರು 50ರಿಂದ 65 ರೂಪಾಯಿಯ ನಡುವೆ ಗೊತ್ತಾಯಿತು. ಉಷ್ಣರಾಸಾಯನಿಕ ವಿಧಾನ ಮಾದರಿ ಘಟಕಗಳ ಹಂತದಲ್ಲಿದೆ. ದ್ಯುತಿ-ವಿದ್ಯುದ್ರಾಸಾಯನಿಕ ಕೋಶ ಮತ್ತು ದ್ಯುತಿ ಕ್ರಿಯಾವರ್ಧಕ ಪುಡಿ ಇನ್ನೂ ಪ್ರಯೋಗದ ಹಂತದಲ್ಲಿವೆ. ಜೀವರಾಶಿಯಿಂದ ಹೈಡ್ರೋಜನ್ ಪಡೆಯುವ ವಿಧಾನ ಪ್ರಾಯೋಗಿಕ ಘಟಕಗಳಲ್ಲಿ ಪರೀಕ್ಷೆಗೊಳಗಾಗುತ್ತಿದೆ.

ರಾಯಚೂರು ಜಿಲ್ಲೆಯ ಮಟ್ಟಿಗೆ ಮೂರು ದಾರಿಗಳಲ್ಲಿ ಮೊದಲು ಕೈಗೆಟುಕುವುದು ಜೀವರಾಶಿಯದು: ಕಚ್ಚಾವಸ್ತು ಸ್ಥಳೀಯ, ಇಂಗಾಲ ಗಾಳಿಯಿಂದ ಬಂದದ್ದು, ಶುದ್ಧ ನೀರಿನ ಅಗತ್ಯ ಕಡಿಮೆ. ಎರಡನೆಯದಾದ ಸೌರ ವಿದ್ಯುದ್ವಿಭಜನೆಗೆ ಬಂಜರು ನೆಲ, ಮಳೆಗಾಲದಲ್ಲಿ ತುಂಬಿಸಿಡುವ ಕೆರೆ ಮತ್ತು ಹತ್ತಿರದ ಖರೀದಿದಾರ ಬೇಕು. ಮೂರನೆಯದಾದ ಶಕ್ತಿನಗರ, ಯರಮರಸ್‌ಗಳ ಹೊಗೆಯಿಂದ ಮೆಥನಾಲ್ ತಯಾರಿಕೆ ವಿಂಧ್ಯಾಚಲ ಘಟಕದ ಅನುಭವವನ್ನು ಅವಲಂಬಿಸಿದೆ. ಮೂರಕ್ಕೂ ಸಮಾನವಾದ ಷರತ್ತು ನೀರಿನದು. ಬೇಸಿಗೆಯಲ್ಲಿ ಕುಡಿಯುವ ನೀರಿಗೂ ಕಾಲುವೆಯ ಕೊನೆಯಂಚಿನ ಹೊಲಗಳಿಗೂ ಮೊದಲ ಹಕ್ಕು ಉಳಿಸಿ, ನಂತರ ಉಳಿದ ನೀರಿನ ಲೆಕ್ಕದ ಮೇಲೆ ಘಟಕದ ಗಾತ್ರವನ್ನು ನಿರ್ಧರಿಸಿದಾಗ ಮಾತ್ರ ಬಿಸಿಲಿನ ಇಂಧನ ಎರಡು ನದಿಗಳ ನಡುವಿನ ಈ ಪ್ರದೇಶದಲ್ಲಿ ನೆಲೆಯೂರಬಲ್ಲದು.